ಬೇಟೆಯ ಕಾಲದಲ್ಲಿ ಕಾಡಿನ ನಡಿಗೆ

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಸಾಗರದಾಚೆ ನೆಲೆಸಿರುವ ಮಕ್ಕಳನ್ನು ಕಾಣಲೆಂದು ನಮ್ಮ ಸಮಾಜದ ಹಿರಿಯರು ಅಮೆರಿಕಕ್ಕೆ ಹೋಗಿ ಬರುವುದು ಈಗ ಅಪರೂಪದ ಸಂಗತಿಯಲ್ಲ. ಹೋಗಿ ಬಂದವರು ಅಲ್ಲಿಯ ಹಿಮ, ಹೆದ್ದಾರಿ, ಅಂಗಡಿಗಳನ್ನು ಕುರಿತು ಬಾಯ್ತುಂಬ ಹೇಳುತ್ತಾರೆ. ಆದರೆ ಎಲೆ ಉದುರುವ ಕಾಲದಲ್ಲಿ ಅಲ್ಲಿಯ ಕಾಡಿನಂಚಿನಲ್ಲಿ ನಡೆದಾಡುವವರು ತಿಳಿದಿರಲೇಬೇಕಾದ ಒಂದು ಮಾತನ್ನು ಹೇಳುವವರು ಕಡಿಮೆ. ಅದು ನನಗೆ ತಿಳಿದದ್ದು ಒಂದು ಟೊಪ್ಪಿಗೆಯ ಮೂಲಕ.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಮಗನ ಮನೆಗೆ ನಾನು ಹೋಗಿದ್ದ ವರ್ಷ ನವೆಂಬರ್ ತಿಂಗಳು ಮುಗಿಯುತ್ತ ಬಂದಿತ್ತು. ಊರಿನಲ್ಲಿದ್ದ ರೂಢಿಯಂತೆ ಬೆಳಗಿನ ಪೂಜೆ ಮುಗಿಸಿ, ಉಣ್ಣೆಯಂಗಿಯ ಮೇಲೆ ಬಿಳಿಯ ಶಾಲು ಹೊದ್ದು, ಮನೆಯ ಹಿಂದಿನ ಕಾಡುದಾರಿಯಲ್ಲಿ ತಿರುಗಾಡಿ ಬರಲೆಂದು ಹೊರಟೆ. ಮಗ ಬಾಗಿಲಲ್ಲೇ ತಡೆದ.

“ಅಪ್ಪಾಜಿ, ಆ ಶಾಲು ಒಳಗಿಟ್ಟು ಬನ್ನಿ. ಇದನ್ನು ಹಾಕಿಕೊಳ್ಳದೆ ಕಾಡಿನ ಕಡೆ ಹೆಜ್ಜೆ ಇಡಬೇಡಿ” ಎಂದು ಒಂದು ಟೊಪ್ಪಿಗೆಯನ್ನೂ ತೋಳಿಲ್ಲದ ಒಂದು ಮೇಲಂಗಿಯನ್ನೂ ಕೈಗಿತ್ತ. ಅವುಗಳ ಬಣ್ಣ ಕಾವಿಯೂ ಅಲ್ಲ, ಕೇಸರಿಯೂ ಅಲ್ಲ. ಕಣ್ಣು ಕುಕ್ಕುವಂಥ ಕಿತ್ತಳೆ.

“ಈ ವಯಸ್ಸಿನಲ್ಲಿ ನನಗೆ ಇದೆಂಥ ವೇಷವಪ್ಪಾ?” ಎಂದೆ.

“ವೇಷವಲ್ಲ ಅಪ್ಪಾಜಿ. ಇದು ಬೇಟೆಯ ಕಾಲ. ನಿಮ್ಮನ್ನು ಮನುಷ್ಯರೆಂದು ಗುರುತಿಸಲು ಇರುವ ಗುರುತು ಇದು” ಎಂದ.

ಮನುಷ್ಯನು ತಾನು ಮನುಷ್ಯನೆಂದು ಬಟ್ಟೆಯ ಬಣ್ಣದಿಂದ ಸಾರಿಕೊಳ್ಳಬೇಕೆ ಎಂಬ ಪ್ರಶ್ನೆ ನನ್ನನ್ನು ಅಂದು ಬಹಳ ಹೊತ್ತು ಕಾಡಿತು. ಆ ಪ್ರಶ್ನೆಯ ಹಿಂದೆ ಹೋದಾಗ ತಿಳಿದುಬಂದ ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದೇ ಕಾಡು, ಇಬ್ಬರು ಹಕ್ಕುದಾರರು

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಾಡುಪ್ರಾಣಿಗಳ ಬೇಟೆ ಅಪರಾಧವೆನಿಸಿತು. ಆದಕಾರಣ ಕೊಡಗಿನ ಬೆಟ್ಟವನ್ನೋ ಮಲೆನಾಡಿನ ಕಾಡನ್ನೋ ಹತ್ತುವ ಚಾರಣಿಗನಿಗೆ ಪರವಾನಗಿ ಪಡೆದ ಬೇಟೆಗಾರ ಎದುರಾಗುವ ಪ್ರಸಂಗವೇ ಬರುವುದಿಲ್ಲ. ಅಮೆರಿಕದ ಕ್ರಮವೇ ಬೇರೆ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಮಟ್ಟಿಗೆ ಬೇಟೆಗೆ ಅವಕಾಶವಿಲ್ಲ. ಆದರೆ ರಾಷ್ಟ್ರೀಯ ಅರಣ್ಯಗಳಲ್ಲಿಯೂ, ಬೇಟೆಗೆಂದೇ ರಾಜ್ಯಗಳು ಕಾದಿರಿಸಿದ ಕಾಡುಗಳಲ್ಲಿಯೂ, ಗೊತ್ತುಪಡಿಸಿದ ದಿನಗಳಲ್ಲಿ, ಪರವಾನಗಿ ಪಡೆದವರು ಬೇಟೆಯಾಡಬಹುದು. ಅದೇ ಕಾಡುಗಳಲ್ಲಿ ಚಾರಣಿಗರ ಕಾಲುದಾರಿಗಳೂ ಹಾದುಹೋಗುತ್ತವೆ.

ಜಾರ್ಜಿಯಾ ರಾಜ್ಯದಿಂದ ಮೇನ್ ರಾಜ್ಯದವರೆಗೆ 14 ರಾಜ್ಯಗಳನ್ನು ದಾಟಿ ಸುಮಾರು 3,500 ಕಿಲೋಮೀಟರ್ ಸಾಗುವ ಅಪಲೇಷಿಯನ್ ಕಾಲುದಾರಿ ಇದಕ್ಕೆ ಒಳ್ಳೆಯ ನಿದರ್ಶನ. 1937ರಲ್ಲಿ ಪೂರ್ಣಗೊಂಡ ಈ ದಾರಿಯ ಸುಮಾರು 230 ಮೈಲಿಗಳು ಪೆನ್ಸಿಲ್ವೇನಿಯಾದಲ್ಲಿವೆ. ಅದರಲ್ಲಿ ಬಹುಭಾಗ ಆ ರಾಜ್ಯದ ಬೇಟೆಗಾಡುಗಳ ಮೂಲಕವೇ ಸಾಗುತ್ತದೆ. ಈ ಬೇಟೆಗಾಡುಗಳನ್ನು ರಾಜ್ಯವು 1920ರಿಂದ ಕೊಳ್ಳುತ್ತ ಬಂದಿದ್ದು, ಇಂದು ಅವುಗಳ ವಿಸ್ತೀರ್ಣ ಸುಮಾರು 15 ಲಕ್ಷ ಎಕರೆ. ಕೊಳ್ಳಲು ಒದಗಿದ ಹಣದಲ್ಲಿ ಬೇಟೆಗಾರರ ಪರವಾನಗಿ ಶುಲ್ಕದ ಪಾಲು ದೊಡ್ಡದು. ಇಷ್ಟಲ್ಲದೆ, 1937ರ ಒಂದು ಕೇಂದ್ರ ಶಾಸನದಂತೆ ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ಶೇಕಡಾ 11ರಷ್ಟು ತೆರಿಗೆ ಸಂಗ್ರಹವಾಗಿ ವನ್ಯಜೀವಿ ಸಂರಕ್ಷಣೆಗೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹೀಗಾಗಿ ಚಾರಣಿಗನು ನೆಮ್ಮದಿಯಿಂದ ನಡೆಯುವ ನೆಲವನ್ನು ಎಷ್ಟೋ ಕಡೆ ಉಳಿಸಿಕೊಟ್ಟಿರುವುದು ಬೇಟೆಗಾರನ ಹಣ. ಕೇಳಲು ವಿಚಿತ್ರವೆನಿಸಿದರೂ ಇದು ವಾಸ್ತವ.

ಬಿಳಿಯ ಬಣ್ಣದ ಅಪಾಯ

ಆ ಸೀಮೆಯಲ್ಲಿ ಹೆಚ್ಚಾಗಿ ಬೇಟೆಗೆ ಗುರಿಯಾಗುವುದು ಬಿಳಿಬಾಲದ ಜಿಂಕೆ. ಬೆದರಿದಾಗ ಅದು ಬಾಲವನ್ನು ಮೇಲೆತ್ತಿ ಓಡುತ್ತದೆ. ಬಾಲದ ಅಡಿಭಾಗ ಹಾಲಿನಂತೆ ಬೆಳ್ಳಗೆ ಮಿನುಗುತ್ತದೆ. ಎಲೆಯುದುರಿದ ಮರಗಳ ನಡುವೆ ಬೆಳ್ಳಗಿನದೇನಾದರೂ ಅಲುಗಿದರೆ ಆತುರದ ಕಣ್ಣಿಗೆ ಅದು ಜಿಂಕೆಯ ಬಾಲವೆಂದೇ ತೋರಬಹುದು. ಮಗ ನನ್ನ ಬಿಳಿಯ ಶಾಲನ್ನು ಒಳಗಿಡಿಸಿದ ಕಾರಣ ಇದು.

ಇದು ಕೇವಲ ಊಹೆಯ ಭಯವಲ್ಲ. 1988ರ ನವೆಂಬರ್ 15ರಂದು ಮೇನ್ ರಾಜ್ಯದ ಬ್ಯಾಂಗೋರ್ ನಗರಕ್ಕೆ ಸಮೀಪದ ಹರ್ಮನ್ ಎಂಬ ಊರಿನಲ್ಲಿ, ಅವಳಿ ಕೂಸುಗಳ ತಾಯಿಯೊಬ್ಬಳು ತನ್ನ ಮನೆಯ ಹಿತ್ತಲಿಗೆ ಬಂದಿದ್ದಾಗ ಬೇಟೆಗಾರನೊಬ್ಬನ ಗುಂಡಿಗೆ ಬಲಿಯಾದಳು. ಆಕೆಯ ಕೈಯಲ್ಲಿದ್ದುದು ಬಿಳಿಯ ಕೈಗವಸು. ತಾನು ಜಿಂಕೆಯನ್ನು ಕಂಡೆನೆಂದು ಆತ ಹೇಳಿದ. ಆಗ ಊರಿನ ಎಷ್ಟೋ ಜನ, ಬೇಟೆಯ ಕಾಲದಲ್ಲಿ ಕಿತ್ತಳೆ ಬಣ್ಣ ತೊಡದೆ ಹೊರಬಂದದ್ದು ಆಕೆಯದೇ ತಪ್ಪೆಂದು ಮಾತನಾಡಿದರು. ತನ್ನ ಮನೆಯ ಹಿತ್ತಲಿನಲ್ಲಿ ನಿಂತ ಗೃಹಿಣಿ ಯಾವ ಬಣ್ಣ ಉಡಬೇಕೆಂದು ಯಾವ ಕಟ್ಟಳೆಯೂ ಇರಲಿಲ್ಲ. ಆದರೂ 1990ರಲ್ಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ಆ ಬೇಟೆಗಾರ ಬಿಡುಗಡೆ ಹೊಂದಿದ.

ಆದರೆ ಆ ತಾಯಿಯ ಸಾವು ವ್ಯರ್ಥವಾಗಲಿಲ್ಲ. 1991ರಲ್ಲಿ ಮೇನ್ ರಾಜ್ಯವು ಹೊಸ ಶಾಸನವೊಂದನ್ನು ರಚಿಸಿತು. ವಿವೇಕಿಯಾದ ಬೇಟೆಗಾರ ಕೇವಲ ಸದ್ದನ್ನು ನಂಬಿ, ಇಲ್ಲವೆ ಸದ್ದಿನೊಡನೆ ಬಾಲವೋ ಕಾಲೋ ಕಂಡಂತಾಯಿತೆಂದು ಗುಂಡು ಹಾರಿಸಕೂಡದು. ಪ್ರಾಣಿಯ ತಲೆ ಮತ್ತು ಮುಂಡವನ್ನು ಮರೆಯಿಲ್ಲದೆ ಸ್ಪಷ್ಟವಾಗಿ ಕಂಡು ಗುರುತಿಸಿದ ಮೇಲೆಯೇ ಕೈ ಮುಂದುವರಿಯಬೇಕೆಂಬುದು ಅದರ ಸಾರ. ಕಾಣಿಸಿಕೊಳ್ಳುವುದು ನಡೆಯುವವನ ಜಾಣ್ಮೆ. ಕಂಡು ಗುರುತಿಸುವುದು ಬಂದೂಕು ಹಿಡಿದವನ ಹೊಣೆ. ಮೊದಲನೆಯದು ತಪ್ಪಿತೆಂದು ಎರಡನೆಯದು ಕಳಚಿಕೊಳ್ಳುವುದಿಲ್ಲ. ನನ್ನ ಪ್ರಶ್ನೆಗೆ ಉತ್ತರ ದೊರೆತದ್ದು ಇಲ್ಲಿ.

ಕಿತ್ತಳೆ ಬಣ್ಣದ ಗುಟ್ಟು

ಅಷ್ಟು ಉಜ್ವಲವಾದ ಬಣ್ಣ ತೊಟ್ಟರೆ ಜಿಂಕೆಗಳು ಓಡಿಹೋಗುವುದಿಲ್ಲವೆ ಎಂದು ಓದುಗರಿಗೆ ಅನಿಸಬಹುದು. ಇಲ್ಲೊಂದು ಸ್ವಾರಸ್ಯವಿದೆ. ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕೋಶಗಳು ಮೂರು ಬಗೆಯವಾದರೆ ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಅದಕ್ಕೆ ನೀಲಿ ಚೆನ್ನಾಗಿ ಕಾಣುತ್ತದೆ. ಕಿತ್ತಳೆಗೂ ಸುತ್ತಲಿನ ಹಸಿರಿಗೂ ಹೆಚ್ಚಿನ ಭೇದ ತಿಳಿಯದು. ಆದಕಾರಣ ಕಿತ್ತಳೆ ಬಣ್ಣ ಮನುಷ್ಯನಿಗೆ ದೂರದಿಂದಲೇ ಎಚ್ಚರಿಕೆ ನೀಡುತ್ತದೆ, ಜಿಂಕೆಗೆ ಸುಳಿವು ಕೊಡುವುದಿಲ್ಲ.

ಬಹುಪಾಲು ರಾಜ್ಯಗಳಲ್ಲಿ ಬೇಟೆಗಾರರೇ ಈ ಬಣ್ಣ ತೊಡುವುದು ಕಡ್ಡಾಯ. ಪೆನ್ಸಿಲ್ವೇನಿಯಾದ ಬೇಟೆಗಾಡುಗಳಲ್ಲಿಯಂತೂ ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಬೇಟೆಯಾಡದೆ ಸುಮ್ಮನೆ ನಡೆದಾಡುವವರೂ ಇದನ್ನು ತೊಡಬೇಕೆಂಬ ನಿಯಮ ಜಾರಿಗೆ ಬಂದಿದೆ. ಬೇಟೆಗಾರರಿಗೆ ಸುರಕ್ಷತೆಯ ಶಿಕ್ಷಣ ಮತ್ತು ಕಿತ್ತಳೆ ಉಡುಪು, ಇವೆರಡೂ ಬಂದ ಮೇಲೆ ಅವಘಡಗಳು ಬಹಳ ಇಳಿದವು. 2012ರಲ್ಲಿ ಆ ರಾಜ್ಯದಲ್ಲಿ ಬೇಟೆಯ ಗುಂಡಿನಿಂದ ಒಂದು ಸಾವೂ ಸಂಭವಿಸಲಿಲ್ಲ. ಅಂಥ ವರ್ಷ ಅದೇ ಮೊದಲನೆಯದು.

ನಡೆಯುವವರು ಅರಿಯಬೇಕಾದದ್ದು

ಮಕ್ಕಳ ಮನೆಗೆ ಹೋಗುವ ಹಿರಿಯರೂ, ರಜೆಯಲ್ಲಿ ಮಕ್ಕಳೊಡನೆ ಕಾಡು ಸುತ್ತುವ ದಂಪತಿಗಳೂ ಈ ಕೆಲವು ಮಾತುಗಳನ್ನು ಗಮನದಲ್ಲಿಡುವುದು ಒಳಿತು.

ಮೊದಲನೆಯದಾಗಿ, ಹೋಗಲಿರುವ ಕಾಡಿನಲ್ಲಿ ಬೇಟೆಗೆ ಅವಕಾಶವುಂಟೆ, ಯಾವ ದಿನಗಳಲ್ಲಿ ಎಂಬುದನ್ನು ಮೊದಲೇ ವಿಚಾರಿಸಬೇಕು. ಭಾನುವಾರ ಬೇಟೆಯಿಲ್ಲವೆಂಬ ಹಳೆಯ ನಂಬಿಕೆಯನ್ನು ಎಲ್ಲೆಡೆಯೂ ನೆಚ್ಚಿಕೊಳ್ಳಲಾಗದು. ಪೆನ್ಸಿಲ್ವೇನಿಯಾದಲ್ಲಿ ತಲೆಮಾರುಗಳ ಕಾಲ ಭಾನುವಾರದ ಬೇಟೆಗೆ ನಿಷೇಧವಿದ್ದು, ಚಾರಣಿಗರು ಆ ದಿನವನ್ನು ತಮ್ಮದೆಂದೇ ಭಾವಿಸಿದ್ದರು. 2019ರ ಶಾಸನ ವರ್ಷಕ್ಕೆ ಮೂರು ಭಾನುವಾರಗಳನ್ನು ಬೇಟೆಗೆ ತೆರೆಯಿತು; 2025ರ ಶಾಸನ ಆ ನಿಷೇಧವನ್ನೇ ತೆಗೆಯಿತು.

ಎರಡನೆಯದಾಗಿ, ತಲೆ, ಎದೆ, ಬೆನ್ನು ಮೂರೂ ಕಡೆ ಕಿತ್ತಳೆ ಬಣ್ಣ ಕಾಣುವಂತಿರಬೇಕು. ಬೆನ್ನಿಗೆ ಚೀಲವಿದ್ದರೆ ಅದರ ಮೇಲೂ ಆ ಬಣ್ಣದ ಬಟ್ಟೆ ಹೊದಿಸಬೇಕು. ಮಕ್ಕಳಿಗೂ, ಜೊತೆಗೆ ಬರುವ ನಾಯಿಗೂ ಇದೇ ನಿಯಮ. ಬಿಳಿಯ ಶಾಲು, ಬಿಳಿಯ ಕರವಸ್ತ್ರ, ಕಂದು ಮತ್ತು ಬೂದು ಬಣ್ಣದ ಅಂಗಿಗಳು ಆ ದಿನಗಳಲ್ಲಿ ಮನೆಯಲ್ಲೇ ಇರಲಿ.

ಮೂರನೆಯದಾಗಿ, ಮುಂಜಾವು ಮತ್ತು ಮುಸ್ಸಂಜೆ ಜಿಂಕೆಗಳು ಓಡಾಡುವ ಹೊತ್ತು. ಬೆಳಕು ಮಬ್ಬಾಗಿರುವ ಹೊತ್ತೂ ಅದೇ. ಹೊತ್ತೇರಿದ ಮೇಲೆ ಹೋಗಿ, ಇಳಿಹೊತ್ತಿಗೆ ಮುಂಚೆ ಹಿಂದಿರುಗುವುದು ಕ್ಷೇಮ. ಕಾಲುದಾರಿ ಬಿಟ್ಟು ಪೊದೆಗಳ ಒಳಗೆ ನುಗ್ಗಬಾರದು.

ನಾಲ್ಕನೆಯದಾಗಿ, ಗುಂಡಿನ ಸದ್ದು ಹತ್ತಿರದಲ್ಲಿ ಕೇಳಿಸಿದರೆ ಅಥವಾ ಬೇಟೆಗಾರ ಕಣ್ಣಿಗೆ ಬಿದ್ದರೆ ಕೈ ಬೀಸದೆ, ಮನುಷ್ಯರ ಧ್ವನಿಯೆಂದು ತಿಳಿಯುವಂತೆ ಸ್ಪಷ್ಟವಾಗಿ ಕೂಗಿ ಹೇಳಬೇಕು. ಆತ ಕಂಡನೆಂದು ಖಚಿತವಾದ ಮೇಲೆ ಶಾಂತವಾಗಿ ಮುಂದೆ ಸಾಗಬೇಕು.

ಒಪ್ಪದವರೊಡನೆಯೂ ಸೌಜನ್ಯ

ಪ್ರಾಣಿಹಿಂಸೆಯನ್ನು ಒಪ್ಪದ ಮನೆತನಗಳಲ್ಲಿ ಬೆಳೆದ ನಮಗೆ ಬೇಟೆಗಾರನನ್ನು ಕಂಡಾಗ ಮನಸ್ಸು ಮುದುಡುವುದು ಸಹಜ. ಅವನ ಆಹಾರ ನಮ್ಮ ಆಹಾರವಲ್ಲ, ಅವನ ಸಂತೋಷ ನಮ್ಮ ಸಂತೋಷವೂ ಅಲ್ಲ. ಆದರೆ ಅಲ್ಲಿಯ ಪರಿಸ್ಥಿತಿಯನ್ನೂ ಅರಿಯುವುದು ನ್ಯಾಯ. ಪೆನ್ಸಿಲ್ವೇನಿಯಾದ ಕಾಡುಗಳಿಂದ ತೋಳಗಳು 19ನೆಯ ಶತಮಾನದ ಕೊನೆಯ ವೇಳೆಗೆ ನಿರ್ನಾಮವಾದವು. ಜಿಂಕೆಗಳನ್ನು ಹತೋಟಿಯಲ್ಲಿಡುವ ಮೃಗಗಳಿಲ್ಲದೆ ಅವು ವಿಪರೀತ ಹೆಚ್ಚಿದರೆ ಎಳೆಯ ಸಸಿಗಳನ್ನೆಲ್ಲ ಮೇಯ್ದು ಕಾಡು ಮರುಹುಟ್ಟು ಪಡೆಯದಂತೆ ಮಾಡುತ್ತವೆ. ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ತಾವೂ ಸತ್ತು ಜನರನ್ನೂ ಅಪಾಯಕ್ಕೀಡುಮಾಡುತ್ತವೆ. ಇದನ್ನು ತಿಳಿದ ಮಾತ್ರಕ್ಕೆ ನಾವು ಬೇಟೆಯನ್ನು ಮೆಚ್ಚಬೇಕಾಗಿಲ್ಲ. ಆದರೆ ಬೇಟೆಗಾರನನ್ನು ಕಟುಕನೆಂದು ಹಳಿಯುವ ಮುನ್ನ ಒಂದು ಕ್ಷಣ ತಡೆಯುವಂತಾಗುತ್ತದೆ. ಕಾನೂನಿನಂತೆ ನಡೆಯುವ ಬೇಟೆಗೆ ಬೇಕೆಂದೇ ಅಡ್ಡಿಪಡಿಸುವುದು ಅಲ್ಲಿಯ 50 ರಾಜ್ಯಗಳಲ್ಲಿಯೂ ಅಪರಾಧ ಎಂಬುದನ್ನೂ ನಮ್ಮ ತರುಣರು ತಿಳಿದಿರಬೇಕು.

ಅಂದು ನಾನು ಮತ್ತು ಮಗ ಹೊತ್ತೇರಿದ ಮೇಲೆಯೇ ಹೊರಟೆವು. ದಾರಿಯ ತಿರುವಿನಲ್ಲಿ ವಯಸ್ಸಾದ ಬೇಟೆಗಾರನೊಬ್ಬ ಎದುರಾದ. ನಮ್ಮನ್ನು ಕಂಡೊಡನೆ ಬಂದೂಕಿನ ಮೂತಿಯನ್ನು ನೆಲದತ್ತ ತಿರುಗಿಸಿ, ದಾರಿ ಬಿಟ್ಟು ಪಕ್ಕಕ್ಕೆ ನಿಂತ. ನನ್ನ ಟೊಪ್ಪಿಗೆಯನ್ನು ತೋರಿಸಿ ಮಗನಿಗೆ ಏನೋ ಹೇಳಿದ. ಏನೆಂದು ಕೇಳಿದೆ. “ನಿಮ್ಮ ತಂದೆಯವರು ಇದನ್ನು ಹಾಕಿಕೊಂಡು ಬಂದದ್ದು ದೊಡ್ಡ ಉಪಕಾರ, ನನಗೂ ನೆಮ್ಮದಿ ಎನ್ನುತ್ತಿದ್ದಾರೆ ಅಪ್ಪಾಜಿ” ಎಂದ ಮಗ.

ನನಗೂ ನೆಮ್ಮದಿ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಟೊಪ್ಪಿಗೆ ನನ್ನ ಪ್ರಾಣಕ್ಕೆ ಮಾತ್ರ ಕಾವಲೆಂದು ನಾನು ಭಾವಿಸಿದ್ದೆ. ಅರಿಯದೆ ಒಬ್ಬ ಮನುಷ್ಯನನ್ನು ಕೊಂದೆನೆಂಬ ಸಂಕಟವನ್ನು ಉಳಿದ ಆಯುಷ್ಯವೆಲ್ಲ ಹೊರುವ ದುರ್ಗತಿಯಿಂದ ಆತನನ್ನೂ ಅದು ಕಾಯುತ್ತಿತ್ತು. ನಾನು ಕೈಮುಗಿದೆ, ಆತ ತಲೆಬಾಗಿದ. ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಊರಿಗೆ ಹಿಂದಿರುಗುವಾಗ ಆ ಟೊಪ್ಪಿಗೆಯನ್ನು ಮಗನ ಮನೆಯ ಬಾಗಿಲ ಗೂಟಕ್ಕೆ ತೂಗುಹಾಕಿ ಬಂದೆ. ಮುಂದಿನ ಸಲ ಅಲ್ಲಿಗೆ ಹೋಗುವ ಬೀಗರಿಗೆ ಅದು ಸಿಗಲಿ.