ಪಶ್ಚಿಮ ಆಫ್ರಿಕದ ಕಿಶೋರರಲ್ಲಿ ಆತ್ಮಹತ್ಯೆಯ ಪ್ರವೃತ್ತಿ: ಕಾರಣಗಳ ವಿವೇಚನೆ

ಆಫ್ರಿಕದ ಜನರಲ್ಲಿ ವಿಷಾದರೋಗವು ಅತಿ ವಿರಳವೆಂಬ ಮತವು ವಸಾಹತು ಆಳ್ವಿಕೆಯ ಕಾಲದಲ್ಲಿ ಬೇರೂರಿತ್ತು. ಕೀನ್ಯದಲ್ಲಿ ವೈದ್ಯರಾಗಿದ್ದ ಜೆ. ಸಿ. ಕ್ಯಾರದರ್ಸ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದು 1953ರಲ್ಲಿ ಪ್ರಕಟವಾದ ಗ್ರಂಥವು ಈ ಮತಕ್ಕೆ ಶಾಸ್ತ್ರದ ಮುದ್ರೆಯನ್ನೊತ್ತಿತು. ಆದರೆ ಆಸ್ಪತ್ರೆಗೆ ಬಾರದವರನ್ನು ಆಸ್ಪತ್ರೆಯ ದಾಖಲೆಗಳಲ್ಲಿ ಹುಡುಕಿದರೆ ದೊರೆಯುವುದುಂಟೆ? ಘಾನಾದ ಅಶಾಂತಿ ಸೀಮೆಯ ಗ್ರಾಮದೇವತೆಗಳ ಗುಡಿಗಳಿಗೆ ಬರುತ್ತಿದ್ದವರನ್ನು ಪರಿಶೀಲಿಸಿದ ಮಾರ್ಗರೆಟ್ ಫೀಲ್ಡ್ ಅವರು, ತಾವೇ ಮಾಟಗಾತಿಯರೆಂದು ತಮ್ಮನ್ನು ಹಳಿದುಕೊಳ್ಳುತ್ತ ಬರುವ ವಿಷಾದಗ್ರಸ್ತ ಸ್ತ್ರೀಯರು ಅಲ್ಲಿ ಹಲವರಿದ್ದರೆಂದು 1960ರ ತಮ್ಮ ಗ್ರಂಥದಲ್ಲಿ ತೋರಿಸಿದರು. ದುಃಖವು ಇಲ್ಲದೆ ಇರಲಿಲ್ಲ. ಅದನ್ನು ವಿಚಾರಿಸುವವರು ಇರಲಿಲ್ಲ.

ಕಿಶೋರರ ವಿಷಯದಲ್ಲಿ ಈ ವಿಚಾರಣೆಯು ಇನ್ನೂ ತಡವಾಗಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2003ರಿಂದ ನಾನಾ ದೇಶಗಳ ಶಾಲೆಗಳಲ್ಲಿ ನಡೆಸಿಕೊಂಡು ಬಂದ ಸಮೀಕ್ಷೆಯಲ್ಲಿ ವಿದ್ಯಾರ್ಥಿಗಳು ತಮ್ಮ ಹೆಸರನ್ನು ಬರೆಯದೆ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಕಳೆದ 12 ತಿಂಗಳಲ್ಲಿ ಪ್ರಾಣತ್ಯಾಗದ ಯೋಚನೆ ಬಂದಿತ್ತೆ, ಪ್ರಯತ್ನ ನಡೆಯಿತೆ ಎಂಬ ಪ್ರಶ್ನೆಗಳೂ ಅದರಲ್ಲಿ ಸೇರಿವೆ. ಘಾನಾದ ಹಿರಿಯ ಪ್ರೌಢಶಾಲೆಗಳಲ್ಲಿ 2012ರಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು ಐದರಲ್ಲೊಂದು ಪಾಲು ವಿದ್ಯಾರ್ಥಿಗಳು ಹೌದೆಂದು ಉತ್ತರಿಸಿದರು. ಯೋಚನೆಯನ್ನು ಒಪ್ಪಿಕೊಂಡವರಿಗಿಂತ ಪ್ರಯತ್ನವನ್ನು ಹೇಳಿಕೊಂಡವರು ಕಡಿಮೆಯಾಗಿರಲಿಲ್ಲವೆಂಬುದು ಗಮನಾರ್ಹ. ಈ ವಯಸ್ಸಿನಲ್ಲಿ ದೀರ್ಘ ಆಲೋಚನೆಯಿಲ್ಲದೆ, ಕ್ಷಣದ ಆವೇಗದಲ್ಲಿ ಕೃತ್ಯಕ್ಕೆ ತೊಡಗುವುದುಂಟೆಂಬ ಸೂಚನೆ ಇದರಲ್ಲಿರಬಹುದು. ಪ್ರಶ್ನೆಯನ್ನು ವಿದ್ಯಾರ್ಥಿಗಳು ಬೇರೆ ಬೇರೆ ರೀತಿಯಲ್ಲಿ ಗ್ರಹಿಸಿರಲೂಬಹುದು. ಶಾಲೆಯನ್ನು ಬಿಟ್ಟ ಮಕ್ಕಳು ಈ ಲೆಕ್ಕಕ್ಕೆ ಬಾರರೆಂಬುದನ್ನೂ ಮರೆಯಲಾಗದು.

ಇಂಥ ಯೋಚನೆಗಳೊಡನೆ ಕಂಡುಬರುವ ಸಂಗತಿಗಳಾವುವು? ಒಂಟಿತನ, ಚಿಂತೆಯಿಂದ ನಿದ್ದೆಗೆಡುವಿಕೆ, ಸಹಪಾಠಿಗಳ ಪೀಡನೆ, ಹೊಡೆದಾಟ, ಮನೆಯಲ್ಲಿ ಅನ್ನದ ಅಭಾವ, ಆಪ್ತಮಿತ್ರರಿಲ್ಲದಿರುವುದು: ಇವು ಮುಖ್ಯವಾದವು. ತಮ್ಮ ಕಷ್ಟವನ್ನು ಅರಿತುಕೊಳ್ಳುವ ತಾಯಿತಂದೆಗಳಿದ್ದಲ್ಲಿ ಅಪಾಯವು ತಗ್ಗುತ್ತದೆ. ಜೊತೆಯಲ್ಲಿ ಕಾಣುವುದೆಲ್ಲವೂ ಕಾರಣವಾಗಲಾರದೆಂಬ ಎಚ್ಚರಿಕೆಯು ಇಲ್ಲಿ ಅವಶ್ಯಕ. ಆದರೂ ಈ ಪಟ್ಟಿಯಲ್ಲಿರುವ ಬಹುಪಾಲು ಸಂಗತಿಗಳು ಮಗುವಿನ ಮನೋದೌರ್ಬಲ್ಯಕ್ಕೆ ಸೇರಿದವಲ್ಲ, ಅದರ ಸುತ್ತಲಿನ ಸಂಬಂಧಗಳಿಗೆ ಸೇರಿದವು ಎಂಬುದೇ ನಮ್ಮ ವಿವೇಚನೆಯ ತಿರುಳು.

ಇತಿಹಾಸವು ಈ ಸಂಬಂಧಗಳನ್ನು ಕೆಲವೆಡೆ ಕಡಿದುಹಾಕಿದೆ. ಸಿಯೆರಾ ಲಿಯೋನಿನ ಅಂತರ್ಯುದ್ಧವು 1991ರಿಂದ 2002ರವರೆಗೆ ನಡೆಯಿತು. ಲೈಬೀರಿಯದ ಎರಡನೆಯ ಅಂತರ್ಯುದ್ಧವು 2003ರಲ್ಲಿ ಮುಗಿಯಿತು. ಆ ತಲೆಮಾರಿನ ಗಾಯವು ಮಾಯುವ ಮೊದಲೇ 2014ರಲ್ಲಿ ಎಬೋಲಾ ರೋಗವು ಹರಡಿ, ಗಿನಿಯೂ ಸೇರಿದಂತೆ ಈ ಪ್ರದೇಶದಲ್ಲಿ 11,000ಕ್ಕೂ ಹೆಚ್ಚು ಜನರು ಮಡಿದರು. ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಸಿಯೆರಾ ಲಿಯೋನಿನಲ್ಲಿ ಅವು 2015ರಲ್ಲಿ ತೆರೆದಾಗ, ಗರ್ಭಿಣಿಯರಾದ ಬಾಲಕಿಯರಿಗೆ ಪ್ರವೇಶವನ್ನು ನಿಷೇಧಿಸಲಾಯಿತು; ಆ ನಿಷೇಧವು 2020ರವರೆಗೂ ಉಳಿಯಿತು. ಆಸರೆಯು ಅತ್ಯಂತ ಅವಶ್ಯಕವಾಗಿದ್ದ ಕಾಲದಲ್ಲಿಯೇ ಬಾಗಿಲು ಮುಚ್ಚಿತ್ತು.

ಕಾಯಿದೆಯೂ ಬಾಯನ್ನು ಕಟ್ಟಿತ್ತು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದೆಣಿಸಿದ ಆಂಗ್ಲ ನ್ಯಾಯಪದ್ಧತಿಯು ಘಾನಾಕ್ಕೂ ನಮ್ಮ ದೇಶಕ್ಕೂ ಒಂದೇ ಮೂಲದಿಂದ ಬಂದಿತು. ಇಂಗ್ಲೆಂಡು 1961ರಲ್ಲಿ ಅದನ್ನು ಕೈಬಿಟ್ಟಿತು; ಘಾನಾದ 1960ರ ದಂಡಸಂಹಿತೆಯಲ್ಲಿ ಅದು 2023ರವರೆಗೂ ಉಳಿಯಿತು. ನಮ್ಮಲ್ಲಿ 1860ರ ದಂಡಸಂಹಿತೆಯ 309ನೆಯ ಕಲಮನ್ನು 2017ರ ಮಾನಸಿಕ ಆರೋಗ್ಯದ ಕಾಯಿದೆಯು ಬಹುಮಟ್ಟಿಗೆ ನಿಷ್ಫಲಗೊಳಿಸಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಮೊದಲಿನ ರೂಪದಲ್ಲಿ ಉಳಿಯಲಿಲ್ಲ. ಕಾಯಿದೆಯೊಂದೇ ಮೌನಕ್ಕೆ ಕಾರಣವೆಂದು ಮಾತ್ರ ಭಾವಿಸಬಾರದು. ಫ್ರೆಂಚರ ಆಳ್ವಿಕೆಗೆ ಒಳಪಟ್ಟಿದ್ದ ಬೆನಿನ್ ದೇಶದ ಶಾಲೆಗಳಲ್ಲಿಯೂ ಇಂಥ ಯೋಚನೆಯುಳ್ಳ ಮಕ್ಕಳ ಸಂಖ್ಯೆ ಅಲ್ಪವಾಗಿರಲಿಲ್ಲ. ಮನೆತನಕ್ಕೆ ಕಳಂಕ ತಟ್ಟುವುದೆಂಬ ಭಯವು ಪೋಲೀಸರ ಭಯಕ್ಕೆ ಕಡಿಮೆಯಾದುದಲ್ಲ.

ಘಾನಾದ ಹಿರಿಯ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ಅನೇಕರು ನಿಲಯಗಳಲ್ಲಿ ವಾಸಿಸುವುದರಿಂದ ಅವರಿಗೆ ಉಪಾಧ್ಯಾಯರೇ ಹತ್ತಿರದ ಹಿರಿಯರು. ಈ ಮಾತು ನಮ್ಮ ಕಾಲೇಜುಗಳಿಗೂ ಸಲ್ಲುತ್ತದೆ. ವಿಚಾರಿಸಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗುವುದೆಂಬ ಶಂಕೆಗೆ ಆಧಾರವಿಲ್ಲ. ನೇರವಾಗಿ, ಗದರಿಸದೆ ಕೇಳಿದಲ್ಲಿ ಎದೆಯ ಭಾರವು ಇಳಿಯುವುದೇ ಹೆಚ್ಚು. ಕೇಳಿದ ಮೇಲೆ ಆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ನಮ್ಮ ದೇಶದಲ್ಲಿ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ದೊರೆಯುತ್ತದೆ. ಯುದ್ಧವನ್ನಾಗಲಿ ರೋಗವನ್ನಾಗಲಿ ತಡೆಯುವ ಶಕ್ತಿ ಉಪಾಧ್ಯಾಯರಿಗಿಲ್ಲ. ತರಗತಿಯಲ್ಲಿ ಯಾರು ಒಂಟಿಯಾಗಿದ್ದಾರೆಂಬುದನ್ನು ಗುರುತಿಸುವ ಅವಕಾಶವು ದಿನವೂ ಇದೆ.