ದತ್ತಿಯ ದಾಖಲೆಗಳಲ್ಲಿ ವಂಶವೃತ್ತಾಂತ

ತಮ್ಮ ಮನೆತನದ ಪೂರ್ವವೃತ್ತಾಂತವನ್ನು ಅರಿಯಬಯಸುವವರು ಹಿರಿಯರ ಬಾಯ್ಮಾತನ್ನೋ ಹೆಳವರ ಹೊತ್ತಗೆಯನ್ನೋ ಆಶ್ರಯಿಸುವುದು ವಾಡಿಕೆ. ಇವೆರಡೂ ಬೆಲೆಯುಳ್ಳ ಆಧಾರಗಳೇ. ಆದರೆ ಇವನ್ನು ಒರೆಗೆ ಹಚ್ಚಿ ನೋಡಲು ನೆರವಾಗುವ ಮೂರನೆಯ ಆಧಾರವೊಂದು ಕನ್ನಡ ನಾಡಿನಲ್ಲಿ ಹೇರಳವಾಗಿದೆ. ಅದು ಭೂದತ್ತಿಯ ದಾಖಲೆ. ಭೂಮಿಯನ್ನು ದತ್ತಿಯಾಗಿ ಬಿಡುವಾಗ ಕೊಟ್ಟವರಾರು, ಪಡೆದವರಾರು, ಅದು ಯಾವ ಸೇವೆಗಾಗಿ ಸಂದಿತು, ಅದರ ಎಲ್ಲೆ ಯಾವುದು ಎಂಬಿವುಗಳನ್ನು ಬರೆದಿಡುವುದು ಅವಶ್ಯವಾಗಿತ್ತು. ಎಷ್ಟೋ ಕಡೆ ಪಡೆದವನ ತಂದೆ, ಅಜ್ಜಂದಿರ ಹೆಸರುಗಳೂ ಅದರೊಡನೆ ಸೇರಿಬಂದಿವೆ.

ಇಂತಹ ದಾಖಲೆಯ ಮಹತ್ವಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನವೇ ನಿದರ್ಶನ. ಬಸವಣ್ಣನವರು ತಮ್ಮ ವಚನಗಳಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಬಗೆದರೇ ಹೊರತು ಹೆತ್ತವರ ವಂಶಾವಳಿಯನ್ನು ಹೇಳಿಕೊಳ್ಳಹೋಗಲಿಲ್ಲ. ಅವರ ತಂದೆಯ ಹೆಸರನ್ನೂ ಹುಟ್ಟೂರನ್ನೂ ಕಾವ್ಯ ಪುರಾಣಗಳಿಂದ ತಿಳಿಯಬೇಕಾಗಿತ್ತು. ಸೇವುಣ ಅರಸು ಕನ್ನರನ ಕಾಲದ, ಶಕವರ್ಷ 1182ರ ಈ ಶಾಸನವು ಹಾಲಬಸವಿದೇವನಿಗೆ ಸಂದ ದತ್ತಿಯನ್ನು ದಾಖಲಿಸುವ ಸಂದರ್ಭದಲ್ಲಿ, ಅವನು ಬಸವಣ್ಣನವರ ಅಣ್ಣನಾದ ದೇವರಾಜನ ವಂಶದವನೆಂದು ತಿಳಿಸುತ್ತದೆ. ಬಾಗೇವಾಡಿಯ ಮಾದಿರಾಜನ ಹೆಸರೂ ಅಲ್ಲಿ ಬಂದಿದೆ. ಹೀಗೆ ಕಾವ್ಯ ಪುರಾಣಗಳ ಮಾತಿಗೆ ಒಂದು ಶತಮಾನದೊಳಗಿನ ಶಿಲೆಯ ಸಾಕ್ಷ್ಯ ದೊರೆಯಿತು. ಶಾಸನವನ್ನು ಬರೆಯಿಸಿದವರ ಉದ್ದೇಶ ಚರಿತ್ರೆಯನ್ನು ಹೇಳುವುದಾಗಿರಲಿಲ್ಲ, ದತ್ತಿಗೆ ಪಾತ್ರನಾದವನು ಯಾರೆಂಬುದನ್ನು ಸ್ಥಿರಪಡಿಸುವುದಾಗಿತ್ತು. ಆ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಬಂದಿರುವುದು ಇದರಿಂದಲೇ.

ಆದರೆ ಸಾಮಾನ್ಯ ಮನೆತನವೊಂದರ ಶೋಧವು ಶಾಸನದಿಂದ ಆರಂಭವಾಗತಕ್ಕದ್ದಲ್ಲ. ತಿಳಿದುದರಿಂದ ತಿಳಿಯದುದರ ಕಡೆಗೆ ಒಂದೊಂದೇ ತಲೆಮಾರು ಹಿಂದಕ್ಕೆ ಸಾಗುವುದೇ ಕ್ರಮ. ಮೊದಲು ಇಂದಿನ ಪಹಣಿಯಿಂದ ಜಮೀನಿನ ಸರ್ವೆ ನಂಬರನ್ನೂ, ಖಾತೆ ಬದಲಾವಣೆಯ ಪುಸ್ತಕದಿಂದ ತಂದೆ ಅಜ್ಜಂದಿರ ಹೆಸರುಗಳನ್ನೂ ಗುರುತಿಸಿಕೊಳ್ಳಬೇಕು. ಜಮೀನು ಹಿಂದೆ ಇನಾಮಾಗಿದ್ದರೆ ಅದನ್ನು ರದ್ದುಪಡಿಸಿದ ಕಾಲದ ಕಡತಗಳು ಮುಂದಿನ ಮೆಟ್ಟಿಲು. ಹಳೆಯ ಮೈಸೂರು ಸೀಮೆಯಲ್ಲಿ ವ್ಯಕ್ತಿಗತ ಇನಾಮುಗಳು 1954ರ ಕಾನೂನಿನಿಂದಲೂ ಧಾರ್ಮಿಕ ಇನಾಮುಗಳು 1955ರ ಕಾನೂನಿನಿಂದಲೂ ರದ್ದಾದುವು. ಪಟೇಲ, ಶಾನುಭೋಗ, ತಳವಾರ, ತೋಟಿ ಮುಂತಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾನೂನು ಕೊನೆಗಾಣಿಸಿ, ಆ ಭೂಮಿಗಳನ್ನು ಹಕ್ಕುಳ್ಳವರಿಗೆ ಮರುಮಂಜೂರು ಮಾಡಲು ಅವಕಾಶವಿತ್ತಿತು. ಯಾರು ಯಾರ ವಾರಸುದಾರರೆಂಬ ವಿಚಾರಣೆ ಆಗ ನಡೆದುದರಿಂದ ಇಂತಹ ಕಡತಗಳಲ್ಲಿ ವಂಶವೃಕ್ಷಗಳು ಸಿಕ್ಕುವುದುಂಟು.

ಇದಕ್ಕೂ ಹಿಂದಿನವು ಹತ್ತೊಂಬತ್ತನೆಯ ಶತಮಾನದ ಇನಾಂ ವಿಚಾರಣೆಯ ದಾಖಲೆಗಳು. ಮುಂಬಯಿ ಪ್ರಾಂತದಲ್ಲಿ 1852ರ ಕಾನೂನಿನನ್ವಯ ಈ ವಿಚಾರಣೆ ನಡೆಯಿತು. ಬಳ್ಳಾರಿ ಜಿಲ್ಲೆಯನ್ನೊಳಗೊಂಡಿದ್ದ ಮದರಾಸು ಪ್ರಾಂತದಲ್ಲಿ 1858ರಲ್ಲಿ ಇನಾಂ ಆಯೋಗ ಏರ್ಪಟ್ಟಿತು. ಮೈಸೂರಿನಲ್ಲಿ ಅದು ನಡೆದುದು ಆ ಬಳಿಕ. ಇನಾಮನ್ನು ಮೂಲದಲ್ಲಿ ಕೊಟ್ಟವರಾರು, ಪಡೆದವರಾರು, ಆಗ ಅನುಭವಿಸುತ್ತಿದ್ದವನಿಗೂ ಮೂಲಪುರುಷನಿಗೂ ಏನು ಸಂಬಂಧ ಎಂಬ ಪ್ರಶ್ನೆಗಳೇ ಈ ವಿಚಾರಣೆಗಳ ತಿರುಳು. ಹಕ್ಕನ್ನು ಸಮರ್ಥಿಸಲು ಜನರು ಸನ್ನದುಗಳನ್ನೂ ನಿರೂಪಗಳನ್ನೂ ತಾಮ್ರಪಟಗಳನ್ನೂ ಅಧಿಕಾರಿಗಳ ಮುಂದಿರಿಸಿದರು. ಉತ್ತರ ಕರ್ನಾಟಕದ ಇಂತಹ ಕಾಗದಪತ್ರಗಳಲ್ಲಿ ಮೋಡಿ ಲಿಪಿಯವು ಬಹಳವಿರುವುದರಿಂದ ಅದನ್ನು ಓದಬಲ್ಲವರ ನೆರವು ಬೇಕು. ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಜಿಲ್ಲೆ, ತಾಲ್ಲೂಕುಗಳ ದಾಖಲೆ ಕೋಣೆಗಳನ್ನೂ ಇದಕ್ಕಾಗಿ ಆಶ್ರಯಿಸಬೇಕು.

ಇಷ್ಟು ದೂರ ಬಂದ ಬಳಿಕವೇ ಶಿಲಾಶಾಸನಗಳ ಸರದಿ. ರೈಸ್ ಅವರು 1886ರಿಂದ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ಊರಿನ ಹೆಸರಿನಿಂದಲೇ ಹುಡುಕಬಹುದು. ದತ್ತಿಯ ಹೆಸರೇ ಪಡೆದವನ ಕಾಯಕವನ್ನು ಸೂಚಿಸುವುದುಂಟು. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯ್ದವನಿಗೆ ಕೆರೆಗೊಡಗಿ. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗಿ. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿಯೇ ವೀರನಿಗೆ ಸಂದ ಬಾಳ್ಗಳ್ಚು ಎಂಬ ದತ್ತಿಯ ಉಲ್ಲೇಖವಿದೆ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಕಾಲಗಣನೆಗೆ ಸಂಬಂಧಿಸಿದುದು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ದೊರೆಯುತ್ತದೆ. ಅರ್ಜುನವಾಡದ ಶಾಸನದ ಕಾಲ ಹೀಗೆ 1260 ಆಗುತ್ತದೆ. ಆದರೆ ಕಾಗದಪತ್ರಗಳಲ್ಲಿ ಹಲವು ವೇಳೆ ಸಂವತ್ಸರದ ಹೆಸರೊಂದೇ ಇರುತ್ತದೆ. ಅದು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವಂಥದು. 1260ರ ರೌದ್ರಿ ಸಂವತ್ಸರವೇ 1200ರಲ್ಲಿಯೂ 1320ರಲ್ಲಿಯೂ ಬಂದಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯೂ ಇದರೊಡನೆ ಕೂಡಿದರೆ ಅಜ್ಜ ಮೊಮ್ಮಕ್ಕಳನ್ನು ಒಬ್ಬನೇ ಎಂದು ಭಾವಿಸುವ ಪ್ರಮಾದ ಸುಲಭವಾಗಿ ಒದಗುತ್ತದೆ.

ಎರಡನೆಯದು ಮಠಗಳ ದಾಖಲೆಗಳನ್ನು ಕುರಿತದ್ದು. ಒಬ್ಬರನ್ನು ಮತ್ತೊಬ್ಬರ ‘ಕರಕಮಲಸಂಜಾತ’ರೆಂದು ಕರೆದಿದ್ದರೆ ಅದು ದೀಕ್ಷೆಯಿಂದ ಬಂದ ಸಂಬಂಧ, ಹುಟ್ಟಿನಿಂದ ಬಂದುದಲ್ಲ. ಗುರುಪರಂಪರೆಯನ್ನು ರಕ್ತಪರಂಪರೆಯೆಂದು ಓದಿದರೆ ಇಡೀ ವಂಶವೃಕ್ಷವೇ ತಪ್ಪಾಗುತ್ತದೆ. ಮೂರನೆಯದು ಕೂಟಶಾಸನಗಳನ್ನು ಕುರಿತದ್ದು. ಭೂಮಿಯ ಹಕ್ಕಿಗಾಗಿ ಹಿಂದಿನ ಅರಸರ ಹೆಸರಿನಲ್ಲಿ ಕೃತಕ ತಾಮ್ರಪಟಗಳನ್ನು ಸೃಷ್ಟಿಸಿದ್ದುಂಟು. ಲಿಪಿ, ಭಾಷೆ, ತಿಥಿವಾರಗಳು ಪರಸ್ಪರ ಹೊಂದುವುವೇ ಎಂದು ಬಲ್ಲವರಿಂದ ಪರೀಕ್ಷಿಸದೆ ಅವನ್ನು ಪ್ರಮಾಣವೆಂದು ಸ್ವೀಕರಿಸಲಾಗದು. ಶಾಸನದಲ್ಲಿ ಹೇಳಿದ ಕೆರೆ, ಹಳ್ಳ, ಲಿಂಗಮುದ್ರೆಯ ಕಲ್ಲುಗಳನ್ನು ಊರಿನ ನೆಲದ ಮೇಲೆ ಹುಡುಕಿ ನೋಡುವುದೂ ಒಂದು ಪರೀಕ್ಷೆಯೇ. ನಡುವಿನ ಕೊಂಡಿ ಸಿಕ್ಕದಿದ್ದರೆ ಆ ಸ್ಥಳವನ್ನು ಬರಿದಾಗಿ ಬಿಡಬೇಕು, ಊಹೆಯಿಂದ ತುಂಬಬಾರದು.

ಕೊನೆಯದಾಗಿ ಈ ದಾಖಲೆಗಳ ಮಿತಿಯನ್ನೂ ಅರಿತಿರಬೇಕು. ಅವು ಭೂಮಿಯನ್ನು ಪಡೆದವರ ಹೆಸರನ್ನು ಹೇಳುತ್ತವೆ. ಉತ್ತವರ, ಬಿತ್ತವರ, ಕೆರೆಯ ಮಣ್ಣು ಹೊತ್ತವರ ಹೆಸರನ್ನು ಹೇಳುವುದು ಅಪರೂಪ. ಹೆಣ್ಣುಮಕ್ಕಳು ವಂಶಾವಳಿಗಳಿಂದ ಬಹುತೇಕ ಹೊರಗುಳಿದಿದ್ದಾರೆ. ಹೆಸರು ಸಿಕ್ಕಿದ ಮನೆತನ ದೊಡ್ಡದು, ಸಿಗದ ಮನೆತನ ಸಣ್ಣದು ಎಂಬ ತೀರ್ಮಾನಕ್ಕೆ ಆದುದರಿಂದ ಆಧಾರವಿಲ್ಲ. ಹಾಲಬಸವಿದೇವನ ವಂಶವನ್ನು ಶಿಲೆ ಕಾಪಾಡಿತು. ಬಸವಣ್ಣನವರು ತಮ್ಮ ಹಿರಿಯರೆಂದು ಬಗೆದ ಚೆನ್ನಯ್ಯ ಕಕ್ಕಯ್ಯರನ್ನು ಕಾಪಾಡಿಕೊಂಡು ಬಂದುದು ವಚನ. ಮನೆತನದ ಚರಿತ್ರೆಯನ್ನು ಬರೆಯಹೊರಟವರು ಈ ಎರಡು ಬಗೆಯ ಹಿರಿತನಗಳನ್ನೂ ನೆನಪಿನಲ್ಲಿಟ್ಟುಕೊಂಡರೆ ಅವರ ಶೋಧವು ಕುಲದ ಹೆಮ್ಮೆಗೆ ಸಾಧನವಾಗದೆ ಸತ್ಯದ ಅರಿವಿಗೆ ದಾರಿಯಾಗುತ್ತದೆ.