ಸರ್ವರ್ ಹೊಸದು, ಕ್ಲೈಂಟ್ ಹಳೆಯದು: ಉನ್ನತೀಕರಣದ ನಂತರ ಲೆಕ್ಕಪತ್ರ ನಿಲ್ಲದಿರಲು ವರ್ತಕರು ತಿಳಿದಿರಬೇಕಾದ ಸಂಗತಿಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರಿನ ಹತ್ತಿ ಮತ್ತು ಬೀಜದ ವ್ಯಾಪಾರ, ಹಾವೇರಿಯ ಮಾರುಕಟ್ಟೆ, ಗುತ್ತಲದಂತಹ ಹೋಬಳಿ ಕೇಂದ್ರದ ಬೀಜ-ಗೊಬ್ಬರದ ಅಂಗಡಿ – ಇವೆಲ್ಲ ಕಡೆಗಳಲ್ಲಿ ಕಿರ್ದಿ ಹಾಗೂ ಖಾತೆ ಪುಸ್ತಕಗಳ ಸ್ಥಾನವನ್ನು ಕಂಪ್ಯೂಟರ್ ಆಕ್ರಮಿಸಿಕೊಂಡು ಬಹುಕಾಲವಾಯಿತು. ರೈತನಿಗೆ ಕೊಡುವ ಪಟ್ಟಿ, ಖರೀದಿದಾರನಿಗೆ ಕೊಡುವ ಬಿಲ್ಲು, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಚೀಲಗಳ ಲೆಕ್ಕ, ಲಾರಿ ಹೊರಡಲು ಬೇಕಾದ ಇ-ವೇ ಬಿಲ್, ಎಲ್ಲವೂ ಒಂದೇ ಡೇಟಾಬೇಸಿನಿಂದ ಹೊರಬರುತ್ತವೆ. ಆ ಡೇಟಾಬೇಸ್ ಒಂದು ದಿನ ನಿಂತರೆ ಅಂಗಡಿಯ ಬಾಗಿಲು ತೆರೆದಿದ್ದರೂ ವ್ಯಾಪಾರ ನಿಂತಂತೆಯೇ.

ಹೀಗೆ ನಿಲ್ಲುವುದು ಹೆಚ್ಚಾಗಿ ಯಂತ್ರ ಕೆಟ್ಟಾಗ ಎಂಬುದು ಸಾಮಾನ್ಯ ನಂಬಿಕೆ. ಆದರೆ ಯಂತ್ರ ಕೆಡದೆ, ಅದನ್ನು ಉತ್ತಮಪಡಿಸಿದ ಮರುದಿನವೇ ಕೆಲಸ ನಿಲ್ಲುವ ಪ್ರಸಂಗಗಳೂ ಕಡಿಮೆಯಿಲ್ಲ. ಸರ್ವರನ್ನು ಹೊಸ ಆವೃತ್ತಿಗೆ ಏರಿಸಲಾಗುತ್ತದೆ. ಅದಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರುಗಳು ಅದರೊಡನೆ ಮಾತನಾಡಲು ನಿರಾಕರಿಸುತ್ತವೆ. ಈ ಹೊಂದಾಣಿಕೆಯ ತೊಂದರೆಗಳು ಯಾವುವು, ಅವುಗಳನ್ನು ಗುರುತಿಸಿ ಸರಿಪಡಿಸುವುದು ಹೇಗೆ, ಲೆಕ್ಕಪತ್ರದ ದೃಷ್ಟಿಯಿಂದ ಯಾವ ಎಚ್ಚರ ಅಗತ್ಯ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಉನ್ನತೀಕರಣ ಏಕೆ ಅನಿವಾರ್ಯ?

"ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು?" ಎಂದು ಅನೇಕ ವರ್ತಕರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಆದರೆ ತಂತ್ರಾಂಶಗಳಿಗೂ ಆಯುಸ್ಸಿದೆ. ಎಸ್‌ಕ್ಯೂಎಲ್ ಸರ್ವರ್ 2014ಕ್ಕೆ ತಯಾರಕರ ಬೆಂಬಲ 2024ರ ಜುಲೈ 9ಕ್ಕೆ ಮುಗಿಯಿತು. ಮೈಎಸ್‌ಕ್ಯೂಎಲ್ 5.7ರ ಬೆಂಬಲ 2023ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯವಾದವು. ಬೆಂಬಲ ಮುಗಿದ ಮೇಲೆ ಸುರಕ್ಷತೆಯ ದೋಷಗಳಿಗೆ ತಿದ್ದುಪಡಿ ದೊರೆಯುವುದಿಲ್ಲ. ಆದ್ದರಿಂದ ಇಂದಲ್ಲ ನಾಳೆ ಬದಲಾವಣೆ ಆಗಲೇಬೇಕು. ಅದು ನಾವು ಆರಿಸಿದ ದಿನ ಆಗಬೇಕೇ ಅಥವಾ ಸುಗ್ಗಿಯ ನಡುವೆ ಹಳೆಯ ಯಂತ್ರ ಸುಟ್ಟುಹೋದ ದಿನ ಆಗಬೇಕೇ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ.

ಸರ್ವರ್ ಮತ್ತು ಕ್ಲೈಂಟ್

ಒಳಕೋಣೆಯಲ್ಲಿದ್ದು ಎಲ್ಲ ದಾಖಲೆಗಳನ್ನು ಕಾಯ್ದುಕೊಂಡಿರುವ ಯಂತ್ರ ಸರ್ವರ್. ಗಲ್ಲಾದ ಬಳಿ, ತೂಕದ ಕಟ್ಟೆಯ ಬಳಿ, ಮಾಲೀಕರ ಕೊಠಡಿಯಲ್ಲಿ ಇರುವವು ಕ್ಲೈಂಟುಗಳು. ಇವೆರಡರ ನಡುವೆ ಡ್ರೈವರ್ ಎಂಬ ಸಣ್ಣ ತಂತ್ರಾಂಶ ದುಭಾಷಿಯ ಕೆಲಸ ಮಾಡುತ್ತದೆ. ಮಾಲೀಕರಿಗೆ ಕಾಣುವುದು ಬಿಲ್ಲಿಂಗ್ ಪ್ರೋಗ್ರಾಂ ಮಾತ್ರ. ತೊಂದರೆ ಹುಟ್ಟುವುದು ಬಹುಪಾಲು ಯಾರೂ ನೋಡದ ಈ ಡ್ರೈವರಿನಲ್ಲಿ.

ಸೇರು-ಮಣಗಳಿಂದ ಕಿಲೋಗ್ರಾಂಗೆ ಬದಲಾದ ಕಾಲವನ್ನು ಹಿರಿಯ ವರ್ತಕರು ಬಲ್ಲರು. ಕಟ್ಟೆಯ ಮೇಲೆ ಕಿಲೋ ಕಲ್ಲು ಬಂದು, ಲೆಕ್ಕ ಬರೆಯುವವನು ಮಣದಲ್ಲೇ ಬರೆಯುತ್ತಿದ್ದರೆ ಇಬ್ಬರಲ್ಲಿ ಯಾರ ತಪ್ಪೂ ಇರುವುದಿಲ್ಲ, ಆದರೂ ವ್ಯವಹಾರ ಕೂಡುವುದಿಲ್ಲ. ಸರ್ವರ್-ಕ್ಲೈಂಟ್ ಹೊಂದಾಣಿಕೆಯ ಸಮಸ್ಯೆಯೂ ಇದೇ ಬಗೆಯದು.

ಒಂದು ದಲಾಲಿ ಅಂಗಡಿಯ ಉದಾಹರಣೆ

ನಮ್ಮ ಭಾಗದ ಒಂದು ದಲಾಲಿ ಅಂಗಡಿಯಲ್ಲಿ ನಡೆದುದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಹಳೆಯ ಸರ್ವರ್ ನಿಧಾನವಾಯಿತೆಂದು ಹೊಸದನ್ನು ತರಿಸಿ, ಭಾನುವಾರ ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿಯನ್ನು ಅಳವಡಿಸಲಾಯಿತು. ಸೋಮವಾರ ಬ್ಯಾಡಗಿಯಲ್ಲಿ ಟೆಂಡರ್ ದಿನ. ಬೆಳಿಗ್ಗೆ ಮಾಲೀಕರ ಕೊಠಡಿಯ ಹೊಸ ಕಂಪ್ಯೂಟರ್ ಸರಾಗವಾಗಿ ನಡೆಯಿತು. ಉಳಿದ ಮೂರರಲ್ಲಿ 'ಕ್ಲೈಂಟ್ ಡಸ್ ನಾಟ್ ಸಪೋರ್ಟ್ ಅಥೆಂಟಿಕೇಶನ್ ಪ್ರೋಟೋಕಾಲ್' ಎಂಬ ಸಂದೇಶ ಬಂದು ನಿಂತಿತು. ಸಂಜೆಯವರೆಗೂ ಪಟ್ಟಿಗಳನ್ನು ಕೈಯಿಂದ ಬರೆಯಲಾಯಿತು. ದೂರದ ಊರುಗಳಿಂದ ಬಂದ ರೈತರು ಹಣಕ್ಕಾಗಿ ರಾತ್ರಿಯವರೆಗೆ ಕಾದರು.

ಮರುದಿನ ತಂತ್ರಜ್ಞರು ಬಂದು ಸಂಪರ್ಕವನ್ನೇನೋ ಸರಿಪಡಿಸಿದರು. ಅನಂತರ ಮತ್ತೆರಡು ದೋಷಗಳು ಕಂಡವು. ಕನ್ನಡದಲ್ಲಿದ್ದ ರೈತರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡಿದವು. ಲಾಟ್‌ವಾರು ವರದಿ ಕ್ರಮಾಂಕದ ಪ್ರಕಾರ ಬರುವುದನ್ನು ಬಿಟ್ಟು ಹಿಂದುಮುಂದಾಗಿ ಬಂದಿತು. ಒಂದೇ ಉನ್ನತೀಕರಣದಿಂದ ಮೂರು ತೊಂದರೆಗಳು. ಮೂರಕ್ಕೂ ಕಾರಣ ಬೇರೆ ಬೇರೆ.

ಹೊಂದಾಣಿಕೆ ತಪ್ಪುವ ಐದು ಬಗೆಗಳು

1. ಗುಪ್ತಪದದ ಪದ್ಧತಿ: ಮೈಎಸ್‌ಕ್ಯೂಎಲ್ 8.0 (2018) ಗುಪ್ತಪದವನ್ನು ಪರಿಶೀಲಿಸುವ ಮೂಲ ಪದ್ಧತಿಯನ್ನೇ ಬದಲಿಸಿತು. ಹಳೆಯ ಡ್ರೈವರಿಗೆ ಈ ಪದ್ಧತಿ ತಿಳಿಯದು. ಗೋದಾಮಿನ ಬೀಗ ಬದಲಿಸಿ ಹಮಾಲರ ಕೈಯಲ್ಲಿ ಹಳೆಯ ಕೀಲಿಯನ್ನೇ ಬಿಟ್ಟಂತೆ ಇದು. 4.1ನೇ ಆವೃತ್ತಿ ಬಂದಾಗಲೂ ಇದೇ ತೊಂದರೆ ಉಂಟಾಗಿತ್ತು. ಪೋಸ್ಟ್‌ಗ್ರೆಸ್ ಬಳಸುವವರಿಗೆ 14ನೇ ಆವೃತ್ತಿಯಿಂದ (2021) ಇಂಥದೇ ಬದಲಾವಣೆ ಎದುರಾಗುತ್ತದೆ. ಸರಿಯಾದ ಪರಿಹಾರವೆಂದರೆ ಪ್ರತಿಯೊಂದು ಕ್ಲೈಂಟಿನ ಡ್ರೈವರನ್ನು ಹೊಸದಾಗಿಸುವುದು. ಒಬ್ಬ ಬಳಕೆದಾರನಿಗೆ ಮಾತ್ರ ಹಳೆಯ ಪದ್ಧತಿಯನ್ನು ಅನುಮತಿಸುವ ಉಪಾಯವೂ ಇದೆ. ಆದರೆ ಅದು ತಾತ್ಕಾಲಿಕ. 2024ರಲ್ಲಿ ಬಂದ 8.4 ಆವೃತ್ತಿಯಲ್ಲಿ ಹಳೆಯ ಪದ್ಧತಿಯನ್ನು ಮೊದಲಿನಿಂದಲೇ ಮುಚ್ಚಲಾಗಿದೆ, 9.0ರಲ್ಲಿ ತೆಗೆದೇ ಹಾಕಲಾಗಿದೆ. ಕೆಲಸ ಬೇಗ ಮುಗಿಸುವ ಆತುರದಲ್ಲಿ ಗುಪ್ತಪದವನ್ನೇ ಖಾಲಿ ಬಿಡುವವರಿದ್ದಾರೆ. ಇದಕ್ಕೆ ಮಾಲೀಕರು ಎಂದಿಗೂ ಒಪ್ಪಬಾರದು.

2. ಗೂಢಲಿಪಿಯ ಸಂಪರ್ಕ: ಎಸ್‌ಕ್ಯೂಎಲ್ ಸರ್ವರಿನ ಓಡಿಬಿಸಿ ಡ್ರೈವರ್ 18 (2022) ಸಂಪರ್ಕವನ್ನು ತಾನಾಗಿಯೇ ಗೂಢಲಿಪಿಯಲ್ಲಿ ನಡೆಸಲು ಯತ್ನಿಸುತ್ತದೆ. ಸಣ್ಣ ಅಂಗಡಿಯ ಸರ್ವರಿನಲ್ಲಿ ಅಧಿಕೃತ ಪ್ರಮಾಣಪತ್ರ ಇರುವುದಿಲ್ಲ. ಆಗ 'ಸರ್ಟಿಫಿಕೇಟ್ ನಾಟ್ ಟ್ರಸ್ಟೆಡ್' ಎಂಬ ಅರ್ಥದ ಸಂದೇಶ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಸ ಸರ್ವರ್ ಕೇಳುವ ಟಿಎಲ್‌ಎಸ್ 1.2 ಪದ್ಧತಿಯನ್ನು ಹಳೆಯ ಡ್ರೈವರ್ ಅರಿಯದೆ ಸಂಪರ್ಕ ತಪ್ಪುವುದೂ ಉಂಟು. ಪ್ರಮಾಣಪತ್ರವನ್ನು ಕ್ರಮವಾಗಿ ಅಳವಡಿಸುವುದು ಶಾಶ್ವತ ಪರಿಹಾರ.

3. 32 ಮತ್ತು 64 ಬಿಟ್: ಹಳೆಯ ಬಿಲ್ಲಿಂಗ್ ಪ್ರೋಗ್ರಾಂ 32 ಬಿಟ್‌ನದಾಗಿದ್ದರೆ ಅದಕ್ಕೆ 32 ಬಿಟ್ ಡ್ರೈವರೇ ಬೇಕು. 64 ಬಿಟ್ ವಿಂಡೋಸಿನಲ್ಲಿ ಓಡಿಬಿಸಿ ವ್ಯವಸ್ಥೆಯ ಎರಡು ಪರದೆಗಳಿರುತ್ತವೆ. ಒಂದರಲ್ಲಿ ಅಳವಡಿಸಿ ಇನ್ನೊಂದರಲ್ಲಿ ಹುಡುಕುವುದು ಎಲ್ಲೆಡೆ ಕಾಣುವ ತಪ್ಪು. ಸಂದೇಶದಲ್ಲಿ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಎಂಬ ಪದವಿದ್ದರೆ ಕಾರಣ ಇದೇ.

4. ಕಟ್ಟುನಿಟ್ಟಾದ ವ್ಯಾಕರಣ: ಹಳೆಯ ಸರ್ವರ್ ಸಹಿಸುತ್ತಿದ್ದ ಅನೇಕ ಸಡಿಲತೆಗಳನ್ನು ಹೊಸದು ಸಹಿಸುವುದಿಲ್ಲ. ದಿನಾಂಕ ತುಂಬದ ಕಡೆ ಸೊನ್ನೆಗಳನ್ನು ಬರೆದಿಟ್ಟ ದಾಖಲೆಗಳನ್ನು ಮೈಎಸ್‌ಕ್ಯೂಎಲ್ 5.7ರಿಂದೀಚೆಗೆ ಸರ್ವರ್ ಮೂಲ ವ್ಯವಸ್ಥೆಯಲ್ಲಿ ತಿರಸ್ಕರಿಸುತ್ತದೆ. ಗುಂಪು ಮಾಡಿದ ಸಾಲುಗಳನ್ನು ತಾನಾಗಿ ಕ್ರಮದಲ್ಲಿ ಜೋಡಿಸುವುದನ್ನು 8.0 ನಿಲ್ಲಿಸಿತು, ಮೇಲಿನ ಅಂಗಡಿಯ ಲಾಟ್ ವರದಿ ಹಿಂದುಮುಂದಾದುದು ಇದರಿಂದಲೇ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಇದಕ್ಕೆ 'ಕಂಪ್ಯಾಟಿಬಿಲಿಟಿ ಲೆವೆಲ್' ಎಂಬ ಅನುಕೂಲವಿದೆ. 2014ರ ಮಟ್ಟ 120, 2022ರ ಮಟ್ಟ 160. ಹೊಸ ಸರ್ವರಿನಲ್ಲಿಯೂ ಡೇಟಾಬೇಸನ್ನು ಮೊದಲು ಹಳೆಯ ಮಟ್ಟದಲ್ಲೇ ನಡೆಸಿ, ವರದಿಗಳನ್ನು ತಾಳೆ ನೋಡಿದ ಮೇಲೆ ಏರಿಸಬಹುದು.

5. ಕನ್ನಡ ಲಿಪಿ: ನಮ್ಮ ಭಾಗಕ್ಕೆ ಇದು ವಿಶೇಷವಾದ ತೊಂದರೆ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಹೆಸರುಗಳನ್ನು ತುಂಬಿದವರು ಬಹಳ. ಅಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಲಿಪಿಗೆ ಮೀಸಲಾದ ಸಂಕೇತಗಳನ್ನು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್. ಯೂನಿಕೋಡ್ ಪದ್ಧತಿಯಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಹೊಸ ಸರ್ವರ್ ಎಲ್ಲವನ್ನೂ ಯೂನಿಕೋಡ್ ಎಂದು ಭಾವಿಸಿದಾಗ ಹಳೆಯ ಹೆಸರುಗಳು ಗುರುತು ಸಿಗದಂತಾಗುತ್ತವೆ. ಪರಿವರ್ತಕ ತಂತ್ರಾಂಶಗಳಿಂದ ಹೆಸರುಗಳನ್ನು ಯೂನಿಕೋಡಿಗೆ ಬದಲಿಸುವುದು ಸಾಧ್ಯ. ಆದರೆ ಅದನ್ನು ಸ್ಥಳಾಂತರಕ್ಕೆ ಮೊದಲು, ಪ್ರತಿಯೊಂದರ ಮೇಲೆ ಮಾಡಿ, ಒತ್ತಕ್ಷರಗಳಿರುವ ಹೆಸರುಗಳನ್ನು ಕಣ್ಣಾರೆ ಪರೀಕ್ಷಿಸಬೇಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ, ಅಂಕಣದ ಅಳತೆಯನ್ನು ಬೈಟುಗಳಲ್ಲಿ ಇಟ್ಟಿದ್ದರೆ ಉದ್ದನೆಯ ಹೆಸರಿನ ಬಾಲ ಕತ್ತರಿಸಿಹೋಗುವ ಸಂಭವವೂ ಇದೆ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿದ್ದಾಗ, ಕತ್ತರಿಸಿದ ಹೆಸರು ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಕಳಿಸೀತು.

ಕಾರಣ ಹುಡುಕುವ ಕ್ರಮ

ತಂತ್ರಜ್ಞರನ್ನು ಕರೆಯುವ ಮೊದಲು ಮಾಲೀಕರೇ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬಹುದು. ಎಲ್ಲ ಕಂಪ್ಯೂಟರುಗಳು ನಿಂತಿವೆಯೇ, ಕೆಲವು ಮಾತ್ರವೇ? ಎಲ್ಲವೂ ನಿಂತಿದ್ದರೆ ಮೊದಲು ಸರ್ವರಿನ ಕಡೆ ನೋಡಬೇಕು. ಕೆಲವು ಮಾತ್ರ ನಿಂತಿದ್ದರೆ ಆ ಕ್ಲೈಂಟುಗಳ ಡ್ರೈವರ್ ಶಂಕಾಸ್ಪದ. ಸರ್ವರಿನ ಯಂತ್ರದಲ್ಲೇ ಕುಳಿತು ತೆರೆದರೆ ಪ್ರೋಗ್ರಾಂ ನಡೆಯುತ್ತದೆಯೇ? ನಡೆದರೆ ಡೇಟಾಬೇಸ್ ಸುರಕ್ಷಿತವಾಗಿದೆ. ನಡುವಿನ ವಿಳಾಸ, ಫೈರ್‌ವಾಲ್ ಅಥವಾ ಪೋರ್ಟ್ (ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306, ಎಸ್‌ಕ್ಯೂಎಲ್ ಸರ್ವರಿಗೆ 1433) ನೋಡಬೇಕು. ಕೊನೆಯದಾಗಿ, ಪರದೆಯ ಮೇಲಿನ ಸಂದೇಶದಲ್ಲಿ ಏನಿದೆ? ಅದನ್ನು ಮುಚ್ಚದೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ. "ಏನೋ ಎರರ್ ಬಂತು" ಎಂದು ಫೋನಿನಲ್ಲಿ ಹೇಳುವುದರಿಂದ ಅರ್ಧ ದಿನ ವ್ಯರ್ಥವಾಗುತ್ತದೆ.

ಹಿಂದಿರುಗಲು ದಾರಿ ಇಲ್ಲ

ವರ್ತಕರು ಮುಖ್ಯವಾಗಿ ನೆನಪಿಡಬೇಕಾದುದು ಇದು: ಹಳೆಯ ಆವೃತ್ತಿಯ ಬ್ಯಾಕಪನ್ನು ಹೊಸ ಸರ್ವರ್ ಓದಬಲ್ಲದು, ಹೊಸದರ ಬ್ಯಾಕಪನ್ನು ಹಳೆಯದು ಓದಲಾರದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಟ್ಯಾಲಿ ಬಳಸುವವರೂ ಇದನ್ನು ಅನುಭವಿಸಿದ್ದಾರೆ. 2023ರಲ್ಲಿ ಬಂದ ಟ್ಯಾಲಿಪ್ರೈಮ್ 3.0ಕ್ಕೆ ಪರಿವರ್ತಿಸಿದ ದತ್ತಾಂಶವನ್ನು ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ತೆರೆಯಲಾಗದು. ಮೂರು ದಿನ ಹೊಸದರಲ್ಲಿ ಬಿಲ್ಲು ಮಾಡಿ, ಸರಿಬರಲಿಲ್ಲವೆಂದು ಹಳೆಯದಕ್ಕೆ ಮರಳಿದರೆ ಆ ಮೂರು ದಿನಗಳ ಬಿಲ್ಲುಗಳನ್ನು ಮತ್ತೆ ಕೈಯಾರೆ ತುಂಬಬೇಕಾಗುತ್ತದೆ. ಆದ್ದರಿಂದ ಹಳೆಯ ಸರ್ವರನ್ನು ಅಳಿಸದೆ, ಕನಿಷ್ಠ ಒಂದು ಜಿಎಸ್‌ಟಿ ರಿಟರ್ನ್ ಸಲ್ಲಿಕೆಯಾಗುವವರೆಗಾದರೂ ಇದ್ದಂತೆಯೇ ಬದಿಗಿಡತಕ್ಕದ್ದು.

ಕಾನೂನಿನ ಹೊಣೆ

ತಂತ್ರಜ್ಞರ ದೃಷ್ಟಿಯಲ್ಲಿ ಪರದೆ ತೆರೆದರೆ ಕೆಲಸ ಮುಗಿಯಿತು. ವರ್ತಕರ ಹೊಣೆ ಅಲ್ಲಿಗೆ ಮುಗಿಯದು. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಉಳಿಸಿಡಬೇಕು. ಕಂಪನಿಗಳಿಗೆ ಈ ಅವಧಿ 8 ಹಣಕಾಸು ವರ್ಷ. ಹಳೆಯ ವರ್ಷಗಳ ದತ್ತಾಂಶ ತೆರೆಯದಂತಾದರೆ "ಸರ್ವರ್ ಬದಲಿಸಿದೆವು" ಎಂಬುದು ಅಧಿಕಾರಿಯ ಮುಂದೆ ಉತ್ತರವಾಗಲಾರದು.

ಪ್ರೈವೇಟ್ ಲಿಮಿಟೆಡ್ ಸಂಸ್ಥೆಗಳು ಮತ್ತೊಂದು ವಿಷಯ ಗಮನಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯೂ ದಿನಾಂಕ ಸಹಿತ ದಾಖಲಾಗಬೇಕು. ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಾಗಬಾರದು. ಲೆಕ್ಕ ಪರಿಶೋಧಕರು ಈ ಬಗ್ಗೆ ವರದಿ ಮಾಡಬೇಕು. ಉನ್ನತೀಕರಣದ ವೇಳೆ ತಂತ್ರಜ್ಞರು ನೇರವಾಗಿ ಡೇಟಾಬೇಸಿಗೆ ಇಳಿದು ತಿದ್ದಿದರೆ ಈ ಜಾಡು ತಪ್ಪಿಹೋಗಬಹುದು. ಏನು ತಿದ್ದಲಾಯಿತು, ಯಾರು ತಿದ್ದಿದರು, ಯಾವಾಗ ಎಂಬುದನ್ನು ಬರೆಯಿಸಿ ಸಹಿ ಪಡೆದಿಟ್ಟುಕೊಳ್ಳುವುದು ಶ್ರೇಯಸ್ಕರ.

ಇ-ಇನ್‌ವಾಯ್ಸ್ ವ್ಯಾಪ್ತಿ 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೂ ವಿಸ್ತರಿಸಿದೆ. ಬಿಲ್ಲಿಂಗ್ ಪ್ರೋಗ್ರಾಂ ಡೇಟಾಬೇಸಿಗೆ ತಲುಪದಿದ್ದರೆ ಇನ್‌ವಾಯ್ಸ್ ಸಂಖ್ಯೆ ಹುಟ್ಟದು, ಲಾರಿ ಹೊರಡದು. ಇಂತಹ ದಿನಕ್ಕಾಗಿ ಸರಕಾರಿ ಪೋರ್ಟಲಿನಲ್ಲಿ ನೇರವಾಗಿ ಬಿಲ್ಲು ತುಂಬುವ ಕ್ರಮವನ್ನು ಅಂಗಡಿಯ ಇಬ್ಬರಾದರೂ ಕಲಿತಿರಬೇಕು.

ದೊಡ್ಡವರಿಗೂ ತಪ್ಪಿದ್ದಲ್ಲ

ಇದು ಸಣ್ಣ ಅಂಗಡಿಗಳ ದೌರ್ಬಲ್ಯವೆಂದು ತಿಳಿಯಬೇಕಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಗ್ರಾಹಕರ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಲಕ್ಷಾಂತರ ಗ್ರಾಹಕರು ತಮ್ಮ ಖಾತೆಗಳನ್ನು ತೆರೆಯಲಾರದೆ ಪರದಾಡಿದರು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಹೆಚ್ಚಿನ ದಂಡ ಬಿದ್ದಿತು. ನಮ್ಮಲ್ಲಿ 2021ರ ಜೂನ್ 7ರಂದು ಆರಂಭವಾದ ಹೊಸ ಆದಾಯ ತೆರಿಗೆ ಪೋರ್ಟಲಿನ ತೊಂದರೆಗಳು ಎಲ್ಲರಿಗೂ ತಿಳಿದವೇ. ಡಿಜಿಟಲ್ ಸಹಿಗಳನ್ನು ಮತ್ತೊಮ್ಮೆ ನೋಂದಾಯಿಸಬೇಕಾಯಿತು, ಸಾಮಾನ್ಯ ತೆರಿಗೆದಾರರ ಗಡುವು ಡಿಸೆಂಬರ್ 31ರವರೆಗೆ ಮುಂದೆ ಹೋಯಿತು. ಸರಕಾರದ ಗಡುವನ್ನು ಸರಕಾರ ಮುಂದೂಡಬಲ್ಲದು. ಪಟ್ಟಿಗಾಗಿ ಕಾದು ಕುಳಿತ ರೈತನ ಗಡುವನ್ನು ನಾವು ಮುಂದೂಡಲಾರೆವು.

ವರ್ತಕರಿಗೆ ಸಲಹೆಗಳು

1. ಜನವರಿಯಿಂದ ಏಪ್ರಿಲ್‌ವರೆಗಿನ ಮೆಣಸಿನಕಾಯಿ ಸುಗ್ಗಿಯಲ್ಲಿ ಉನ್ನತೀಕರಣ ಬೇಡ. ಜಿಎಸ್‌ಟಿಯ 11 ಮತ್ತು 20ನೇ ತಾರೀಖುಗಳ ಆಸುಪಾಸಿನಲ್ಲೂ ಬೇಡ. ಪೇಟೆ ಸಡಿಲವಾಗಿರುವ ಮಳೆಗಾಲದ ಆರಂಭ ಸೂಕ್ತ.

2. ಪ್ರತಿ ಕಂಪ್ಯೂಟರಿನ ವಿಂಡೋಸ್ ಆವೃತ್ತಿ, 32 ಅಥವಾ 64 ಬಿಟ್, ಡ್ರೈವರಿನ ಹೆಸರು ಮತ್ತು ಆವೃತ್ತಿ – ಇವುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ.

3. ತಂತ್ರಾಂಶ ಪೂರೈಸಿದವರಿಂದ, ತಮ್ಮ ಪ್ರೋಗ್ರಾಂ ಯಾವ ಸರ್ವರ್ ಆವೃತ್ತಿಯೊಡನೆ ನಡೆಯುತ್ತದೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

4. ಬ್ಯಾಕಪ್ ತೆಗೆದರೆ ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

5. ಮೊದಲು ಪ್ರತಿಯ ಮೇಲೆ, ಅತ್ಯಂತ ಹಳೆಯ ಕಂಪ್ಯೂಟರಿನಿಂದ ಪರೀಕ್ಷಿಸಿ. ಹೊಸ ಕಂಪ್ಯೂಟರಿನಲ್ಲಿ ನಡೆದುದು ಯಾವುದಕ್ಕೂ ಪುರಾವೆಯಲ್ಲ.

6. ಬದಲಾವಣೆಗೆ ಹಿಂದಿನ ಸಂಜೆ ತಾಳೆಪಟ್ಟಿ, ಬಾಕಿದಾರರ ಪಟ್ಟಿ, ದಾಸ್ತಾನಿನ ಚೀಲಗಳ ಸಂಖ್ಯೆ, ಕೊನೆಯ ಬಿಲ್ಲಿನ ಕ್ರಮಾಂಕ – ಇವುಗಳನ್ನು ಮುದ್ರಿಸಿ. ಬದಲಾವಣೆಯ ನಂತರ ಮತ್ತೆ ಮುದ್ರಿಸಿ ಸಾಲು ಸಾಲಾಗಿ ಹೋಲಿಸಿ. ಒಟ್ಟು ಮೊತ್ತ ಕೂಡಿದರೆ ಸಾಲದು, ದಾಖಲೆಗಳ ಸಂಖ್ಯೆಯೂ ಕೂಡಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಮಾತು ನಮ್ಮಲ್ಲಿ ಹಳೆಯದು. ಮೇಲಿನ ಆರು ಕೆಲಸಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ; ಎರಡನೆಯದಕ್ಕೆ ಒಂದು ಹಾಳೆ, ಒಂದು ಲೇಖನಿ, ಒಂದು ಗಂಟೆಯ ಸಮಯ ಸಾಕು. ಓದುಗ ವರ್ತಕರು ಈ ತಿಂಗಳು ಆ ಪಟ್ಟಿಯಿಂದಲೇ ಆರಂಭಿಸಬಹುದು.